ಕ್ಯಾಮೆರಾ ಬದಲಿಸಬೇಕೋ, ಮಸೂರ ಕೊಳ್ಳಬೇಕೋ?

ಕನ್ನಡ ಕಲಿಸುವ ಮಾಸ್ತರನಿಗೆ ಕ್ಯಾಮೆರಾದ ಉಸಾಬರಿ ಏಕೆ ಎಂದು ಶೀರ್ಷಿಕೆ ನೋಡಿದವರು ಕೇಳಬಹುದು. ಕೇಳತಕ್ಕ ಮಾತೇ. ನಾನು ಛಾಯಾಚಿತ್ರಕಾರನಲ್ಲ. ಆದರೆ ಈ ವಾರ್ಷಿಕ ಸಂಚಿಕೆಯ ಚಿತ್ರಗಳ ಕೆಲಸ ಕೆಲವು ವರ್ಷಗಳಿಂದ ನನ್ನ ಕೊರಳಿಗೆ ಬಿದ್ದಿದೆ. ಸ್ನೇಹ ಸಮ್ಮೇಳನದ ನಾಟಕ, ಕ್ರೀಡಾಕೂಟ, ಹತ್ತನೆಯ ವರ್ಗದ ಬೀಳ್ಕೊಡುಗೆ ಇವುಗಳ ಚಿತ್ರ ಚೆನ್ನಾಗಿ ಬಂದರೆ ಯಾರೂ ಏನೂ ಅನ್ನುವುದಿಲ್ಲ. ಮಸುಕಾದರೆ ಮಾತ್ರ ಊರಿಗೆ ಊರೇ ನನ್ನನ್ನು ಕೇಳುತ್ತದೆ. ಹೀಗಾಗಿ ನನ್ನ ತಿಳಿವಳಿಕೆ ಶಾಸ್ತ್ರದಿಂದ ಬಂದದ್ದಕ್ಕಿಂತ ತಪ್ಪುಗಳಿಂದ ಬಂದದ್ದೇ ಹೆಚ್ಚು. ಅದರಲ್ಲಿ ಒಂದು ತಪ್ಪನ್ನು ಕೊನೆಯಲ್ಲಿ ಹೇಳುವೆ.

ಈ ಲೇಖನಕ್ಕೆ ಕಾರಣನಾದವನು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ. ಅವನ ತಂದೆ ಇಚಲಕರಂಜಿಯಲ್ಲಿ ಪವರ್‌ಲೂಮ್ ನಡೆಸುವ ಕಾರ್ಮಿಕರು. ಹುಡುಗ ಸೋದರತ್ತೆಯ ಮನೆಯಲ್ಲಿದ್ದು ನಮ್ಮಲ್ಲಿ ಕನ್ನಡದಲ್ಲಿ ಕಲಿತ. ಮುಂದೆ ಗಡಹಿಂಗ್ಲಜದಲ್ಲಿ ಮದುವೆಯ ಫೋಟೋ ತೆಗೆಯುವವರ ಕೈಕೆಳಗೆ ಸೇರಿ, ಮೊದಲು ದೀಪ ಹಿಡಿಯುವವನಾಗಿ, ಆಮೇಲೆ ಕ್ಯಾಮೆರಾ ಹಿಡಿಯುವವನಾಗಿ ಬೆಳೆದ. ಹಳೆಯದೊಂದು ಕ್ಯಾನನ್ 1500ಡಿ ಕ್ಯಾಮೆರಾವನ್ನು, ಅದರೊಡನೆ ಬರುವ 18ರಿಂದ 55 ಮಿಲಿಮೀಟರಿನ ಜೂಮ್ ಮಸೂರದ ಸಮೇತ, ಯಾರಿಂದಲೋ ಕೊಂಡಿದ್ದ. ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಕೊಳ್ಳುವ ಕ್ಯಾಮೆರಾ ಅದು.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಅವನು ಮನೆಗೆ ಬಂದ. ಚಹಾ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದ. "ಸರ, ಕ್ಯಾಮೆರಾ ಬದಲಿ ಮಾಡಬೇಕಂತ ಮಾಡೇನ್ರಿ. ಫುಲ್‌ಫ್ರೇಮ್ ತಗೋತೀನಿ. ಅವ್ವನ ಪಾಟಲಿ ಒತ್ತಿ ಇಡೂದೈತಿ. ನೀವೊಂದು ಮಾತು ಅಪ್ಪಗ ಹೇಳ್ರಿ."

ಪಾಟಲಿಯ ಮಾತು ಕೇಳಿ ನಾನು ಕನ್ನಡಕ ತೆಗೆದಿಟ್ಟೆ. ಲಕ್ಷದ ಲೆಕ್ಕದ ವಸ್ತುವಿಗಾಗಿ ಮನೆಯ ಬಂಗಾರ ಹೊರಡುತ್ತದೆಯೆಂದರೆ, ಶಿಫಾರಸು ಮಾಡುವವನು ಮೊದಲು ತಾನು ತಿಳಿದುಕೊಳ್ಳಬೇಕು. "ಈಗಿರೂದಕ್ಕ ಏನಾಗೇದ?" ಎಂದು ಕೇಳಿದೆ. ಮಂಗಲ ಕಾರ್ಯಾಲಯದಲ್ಲಿ ಸಂಜೆಯ ಹೊತ್ತು ಅಕ್ಷತೆ ಬೀಳುವಾಗ ಚಿತ್ರ ಅಲುಗಿದಂತೆ ಬರುತ್ತದೆ, ಅಲುಗದಂತೆ ಮಾಡಹೋದರೆ ರವೆ ಚೆಲ್ಲಿದಂತೆ ಕಾಳುಕಾಳಾಗುತ್ತದೆ ಎಂದ. ಚಿತ್ರಗಳನ್ನೂ ತೋರಿಸಿದ. ಮದುಮಗಳ ಮುಖಕ್ಕೆ ಎರಡು ಮೂಗು ಮೂಡಿದಂತಿತ್ತು. ದೋಷವಂತೂ ನಿಜ. ಆದರೆ ಅದು ಯಾರ ದೋಷ? ಕ್ಯಾಮೆರಾದ್ದೋ, ಅದರ ಮುಂದಿರುವ ಗಾಜಿನದೋ?

ಕ್ಯಾಮೆರಾ ಎಂಬುದು ಒಂದು ಕತ್ತಲೆಯ ಕೋಣೆ. ಕೋಣೆಗೆ ಒಂದು ಕಿಟಕಿ, ಎದುರಿಗೆ ಒಂದು ಗೋಡೆ. ಕಿಟಕಿಯೇ ಮಸೂರ. ಗೋಡೆಯ ಮೇಲೆ ಹಿಂದೆ ಫಿಲ್ಮು ಇರುತ್ತಿತ್ತು, ಈಗ ಸೆನ್ಸರ್ ಎಂಬ ಬೆಳಕು ಗ್ರಹಿಸುವ ಫಲಕ ಇರುತ್ತದೆ. ಕಿಟಕಿಯ ಬಾಗಿಲನ್ನು ಎಷ್ಟು ಹೊತ್ತು ತೆರೆದಿಡಬೇಕೆಂಬುದನ್ನು ಶಟರ್ ನೋಡಿಕೊಳ್ಳುತ್ತದೆ. ಕೋಣೆ, ಗೋಡೆ, ಬಾಗಿಲು ಇವೆಲ್ಲ ಸೇರಿ ಕ್ಯಾಮೆರಾದ ಒಡಲು. ಕಿಟಕಿ ಮಾತ್ರ ಬೇರೆ. ಈ ಬಗೆಯ ಕ್ಯಾಮೆರಾಗಳಲ್ಲಿ ಅದನ್ನು ತಿರುಚಿ ತೆಗೆದು ಇನ್ನೊಂದನ್ನು ಕೂಡಿಸಬಹುದು. ಅದಕ್ಕಾಗಿಯೇ ನಮ್ಮ ಪ್ರಶ್ನೆ ಹುಟ್ಟಿಕೊಂಡಿದೆ.

ಕನ್ನಡದ ಮಾಸ್ತರನಾದ್ದರಿಂದ ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಮಸೂರ ಎಂದರೆ ನಮ್ಮ ಚನ್ನಂಗಿ ಬೇಳೆ. ನಡುವೆ ಉಬ್ಬಿ ಅಂಚಿಗೆ ತೆಳ್ಳಗಾದ ಗಾಜು ಆ ಕಾಳನ್ನು ಹೋಲುವುದರಿಂದ ಆ ಹೆಸರು. ಲೆನ್ಸ್ ಎಂಬ ಮಾತೂ ಹಾಗೆಯೇ. ಲ್ಯಾಟಿನ್ ಭಾಷೆಯಲ್ಲಿ ಅದು ಅದೇ ಕಾಳಿನ ಹೆಸರು. ಮರಾಠಿಯವರು ಭಿಂಗ ಎನ್ನುತ್ತಾರೆ. ನಮ್ಮ ಮಕ್ಕಳು ಮೂರನ್ನೂ ಬಲ್ಲರು, ಪರೀಕ್ಷೆಯಲ್ಲಿ ಮಾತ್ರ ಬೆರೆಸಿ ಬರೆಯುತ್ತಾರೆ.

ಇರಲಿ. ಕಿಟಕಿ ದೊಡ್ಡದಿದ್ದರೆ ಕೋಣೆಗೆ ಬೆಳಕು ಹೆಚ್ಚು. ಮಸೂರದ ಕಿಟಕಿಯ ಅಳತೆಯನ್ನು ಎಫ್ ಸಂಖ್ಯೆಯಿಂದ ಹೇಳುವರು. ಮಸೂರದ ನಾಭಿದೂರವನ್ನು ಕಿಟಕಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಆ ಸಂಖ್ಯೆ. ಆದ್ದರಿಂದ ಸಂಖ್ಯೆ ಸಣ್ಣದಾದಷ್ಟೂ ಕಿಟಕಿ ದೊಡ್ಡದು. ಇದು ಮೊದಲಿಗೆ ತಲೆ ತಿರುಗಿಸುತ್ತದೆ, ಆಮೇಲೆ ರೂಢಿಯಾಗುತ್ತದೆ. ನಮ್ಮ ಹುಡುಗನ ಜೂಮ್ ಮಸೂರ 18 ಮಿಲಿಮೀಟರಿನಲ್ಲಿ ಎಫ್ 3.5ರವರೆಗೆ ತೆರೆಯುತ್ತದೆ, ದೂರದ್ದನ್ನು ಹತ್ತಿರ ತರಲೆಂದು 55 ಮಿಲಿಮೀಟರಿಗೆ ಎಳೆದರೆ ಎಫ್ 5.6ಕ್ಕಿಂತ ಹೆಚ್ಚು ತೆರೆಯಲಾರದು. ಇದೇ ಕ್ಯಾಮೆರಾಕ್ಕೆ ಕೂಡುವ 50 ಮಿಲಿಮೀಟರಿನ ಒಂದು ಮಸೂರವಿದೆ. ಅದಕ್ಕೆ ಜೂಮ್ ಇಲ್ಲ, ಬೆಲೆ ಹತ್ತು ಸಾವಿರದ ಆಸುಪಾಸು. ಅದು ಎಫ್ 1.8ರವರೆಗೆ ತೆರೆಯುತ್ತದೆ.

ಈಗ ಗಣಿತ ಮಾಡೋಣ, ಹೆದರಬೇಡಿ. 50ನ್ನು 1.8ರಿಂದ ಭಾಗಿಸಿದರೆ 27.8. ಅಂದರೆ ಕಿಟಕಿಯ ವ್ಯಾಸ ಸುಮಾರು 28 ಮಿಲಿಮೀಟರ್. ಹತ್ತು ರೂಪಾಯಿಯ ನಾಣ್ಯದ ವ್ಯಾಸ 27 ಮಿಲಿಮೀಟರ್, ಅಷ್ಟು ಎನ್ನಿರಿ. ಅದೇ 50ನ್ನು 5.6ರಿಂದ ಭಾಗಿಸಿದರೆ 9 ಮಿಲಿಮೀಟರಿಗೂ ತುಸು ಕಡಿಮೆ. ಅದು ಒಂದು ಕಡಲೆಕಾಳಿನ ಗಾತ್ರ. ವ್ಯಾಸ ಮೂರು ಪಟ್ಟಾದರೆ ವಿಸ್ತೀರ್ಣ ಒಂಬತ್ತು ಪಟ್ಟಾಗುವುದೆಂದು ಎಂಟನೆಯ ವರ್ಗದಲ್ಲಿಯೇ ಕಲಿತಿದ್ದೀರಿ. ಇಲ್ಲಿ ಅದು ಒಂಬತ್ತೂವರೆ ಪಟ್ಟಿಗೂ ಮೇಲೆ. ಒಂದು ಕಡೆ ಕಡಲೆಕಾಳಿನ ತೂತು, ಇನ್ನೊಂದು ಕಡೆ ಹತ್ತು ರೂಪಾಯಿಯ ತೂತು. ಕಡಲೆಕಾಳಿನ ತೂತಿನಿಂದ ಚಿತ್ರ ಮೂಡಲು ಸೆಕೆಂಡಿನ 25ನೆಯ ಒಂದು ಭಾಗ ಬೇಕಾದಲ್ಲಿ, ನಾಣ್ಯದ ತೂತಿಗೆ ಸೆಕೆಂಡಿನ 250ನೆಯ ಒಂದು ಭಾಗ ಹೆಚ್ಚುಕಡಿಮೆ ಸಾಕು. ಸೆಕೆಂಡಿನ 25ನೆಯ ಭಾಗದಲ್ಲಿ ಅಕ್ಷತೆ ಎರಚುವ ಕೈ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. 250ನೆಯ ಭಾಗದಲ್ಲಿ ಅದು ಬಹುಮಟ್ಟಿಗೆ ನಿಂತಂತೆಯೇ.

ಇನ್ನು ಅವನು ಕೊಳ್ಳಬಯಸಿದ ಒಡಲಿನ ಲೆಕ್ಕ. 1500ಡಿಯ ಸೆನ್ಸರ್ 22.3 ಮಿಲಿಮೀಟರ್ ಅಗಲ, 14.9 ಮಿಲಿಮೀಟರ್ ಎತ್ತರ. ಫುಲ್‌ಫ್ರೇಮ್ ಎಂದರೆ ಹಳೆಯ 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿನಷ್ಟು: 36 ಅಗಲ, 24 ಎತ್ತರ. ಗುಣಿಸಿ ನೋಡಿದರೆ ಮೊದಲನೆಯದು ಸುಮಾರು 332 ಚದರ ಮಿಲಿಮೀಟರ್, ಎರಡನೆಯದು 864. ಅಂದರೆ ಗೋಡೆ 2.6 ಪಟ್ಟು ದೊಡ್ಡದಾಯಿತು. ಅದೇ ಎಫ್ ಸಂಖ್ಯೆಯಲ್ಲಿ ಅದರ ಮೇಲೆ ಬೀಳುವ ಒಟ್ಟು ಬೆಳಕೂ ಅಷ್ಟೇ ಪಟ್ಟು ಹೆಚ್ಚು. ಇದು ಸಣ್ಣ ಲಾಭವಲ್ಲ, ರವೆ ಖಂಡಿತ ಕಡಿಮೆಯಾಗುತ್ತದೆ. ಆದರೆ ಒಂದು ಲಕ್ಷದ ಮಾತಿನಲ್ಲಿ 2.6 ಪಟ್ಟು, ಹತ್ತು ಸಾವಿರದ ಮಾತಿನಲ್ಲಿ ಒಂಬತ್ತೂವರೆ ಪಟ್ಟು. ಹುಡುಗನಿಗೆ ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ.

ಅವನಿಗೆ ತಿಳಿಯದಿದ್ದ ಇನ್ನೊಂದು ಸಂಗತಿಯಿತ್ತು. ಅವನ ಬಳಿಯಿದ್ದ ಜೂಮ್ ಮಸೂರ ಸಣ್ಣ ಸೆನ್ಸರಿಗೆಂದೇ ಮಾಡಿದ್ದು. ಕ್ಯಾನನ್ನಿನ ಹಳೆಯ ಬಗೆಯ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಅದು ಕೂಡುವುದೇ ಇಲ್ಲ. 2018ರಲ್ಲಿ ಬಂದ ಕನ್ನಡಿಯಿಲ್ಲದ ಹೊಸ ಬಗೆಗೆ ಅಡಾಪ್ಟರ್ ಹಾಕಿ ಕೂಡಿಸಬಹುದು. ಆದರೆ ಆಗ ದೊಡ್ಡ ಗೋಡೆಯ ನಡುಭಾಗವಷ್ಟೇ ಬಳಕೆಗೆ ಬಂದು, ಕೊಟ್ಟ ಹಣ ಸುಮ್ಮನೆ ಕುಳಿತಿರುತ್ತದೆ. ಆದ್ದರಿಂದ ಒಡಲು ಕೊಂಡವನು ಮಸೂರವನ್ನೂ ಕೊಳ್ಳಲೇಬೇಕು. ಹಣ ತೀರಿದ್ದರಿಂದ ಜೊತೆಗೆ ಮಾರುವ ಅಗ್ಗದ ಜೂಮ್ ಕೊಳ್ಳುತ್ತಾನೆ. ಅಂಥ ಒಂದು ಜೂಮ್ ಉದ್ದದ ತುದಿಯಲ್ಲಿ ಎಫ್ 7.1ರವರೆಗೆ ಮಾತ್ರ ತೆರೆಯುತ್ತದೆ. ಎಫ್ 5.6ಕ್ಕೆ ಹೋಲಿಸಿದರೆ ಅದರ ಬೆಳಕು ಮೂರರಲ್ಲಿ ಎರಡು ಪಾಲಿಗೂ ಕಡಿಮೆ. ಹೀಗೆ 2.6 ಪಟ್ಟಿನ ಲಾಭ ಒಂದೂವರೆ ಪಟ್ಟಿನ ಹತ್ತಿರಕ್ಕೆ ಇಳಿಯಿತು. ಎತ್ತು ಮಾರಿ ಹೊಸ ಗಾಡಿ ತಂದವನ ಕಥೆಯಾಯಿತು.

"ಮೆಗಾಪಿಕ್ಸೆಲ್ ಹೆಚ್ಚ ಸಿಗತಾವಲ್ಲರಿ" ಎಂದ. 1500ಡಿಯಲ್ಲಿ 24 ಮೆಗಾಪಿಕ್ಸೆಲ್ ಇವೆ. ಎ4 ಕಾಗದದ ತುಂಬ, ಇಂಚಿಗೆ 300 ಚುಕ್ಕೆಯಂತೆ ಉತ್ತಮವಾಗಿ ಮುದ್ರಿಸಲು ಬೇಕಾಗುವುದು ಒಂಬತ್ತು ಮೆಗಾಪಿಕ್ಸೆಲ್‌ಗೂ ಕಡಿಮೆ. ಈ ಸಂಚಿಕೆಯ ಪುಟ ಅದಕ್ಕಿಂತ ದೊಡ್ಡದಲ್ಲ. ಮಸುಕಾದ ಮುಖವನ್ನು ಐವತ್ತು ಮೆಗಾಪಿಕ್ಸೆಲ್‌ನಲ್ಲಿ ತೆಗೆದರೆ ಐವತ್ತು ಮೆಗಾಪಿಕ್ಸೆಲ್‌ನ ಮಸುಕು ಬರುತ್ತದೆ, ಅಷ್ಟೇ.

ಒಡಲಿಗಿಂತ ಕಣ್ಣು ಮೇಲೆಂಬುದು ಹೊಸ ಮಾತೇನೂ ಅಲ್ಲ. 1839ರಲ್ಲಿ ಫ್ರಾನ್ಸಿನ ದಾಗೆರ್ ತನ್ನ ಛಾಯಾಗ್ರಹಣ ವಿಧಾನವನ್ನು ಲೋಕಕ್ಕೆ ತಿಳಿಸಿದಾಗ ಅದರಿಂದ ಕಟ್ಟಡಗಳ ಚಿತ್ರ ತೆಗೆಯಬಹುದಿತ್ತು; ಮನುಷ್ಯರ ಮುಖ ತೆಗೆಯುವುದು ಕಷ್ಟವಾಗಿತ್ತು. ಆಗಿನ ಮಸೂರದ ಕಿಟಕಿ ಅಷ್ಟು ಕಿರಿದು, ನಿಮಿಷಗಟ್ಟಲೆ ಅಲುಗದೆ ಕೂಡಬೇಕು. ಮರುವರ್ಷ ವಿಯೆನ್ನಾದ ಗಣಿತದ ಪ್ರಾಧ್ಯಾಪಕ ಯೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ಹೊಸ ಮಸೂರವೊಂದನ್ನು ರೂಪಿಸಿದ. ಆ ಲೆಕ್ಕಗಳಿಗಾಗಿ ಫಿರಂಗಿ ದಳದ ಲೆಕ್ಕ ಬಲ್ಲ ಸೈನಿಕರನ್ನು ಅವನಿಗೆ ಒದಗಿಸಿದ್ದರೆಂದು ಹೇಳುತ್ತಾರೆ. ಅದನ್ನು ತಯಾರಿಸಿದವರು ಫೋಕ್ಟ್‌ಲೆಂಡರ್ ಎಂಬ ಕಂಪನಿಯವರು. ಅದರ ಕಿಟಕಿ ಎಫ್ 3.6ರಷ್ಟು ವಿಶಾಲ. ಫಲಕದ ರಸಾಯನವೂ ಆ ಹೊತ್ತಿಗೆ ಸುಧಾರಿಸುತ್ತಿತ್ತು ನಿಜ. ಆದರೆ ಮುಖಚಿತ್ರದ ಅಂಗಡಿಗಳು ಊರೂರಿಗೆ ಏಳುವುದಕ್ಕೆ ಈ ಗಾಜು ದೊಡ್ಡ ಕಾರಣ.

ವಿಯೆನ್ನಾ ದೂರವಾಯಿತು, ನಮ್ಮ ಜಿಲ್ಲೆಯ ಉದಾಹರಣೆಯೇ ಇದೆ. ಕೊಲ್ಹಾಪುರದ ಖರಿ ಕಾರ್ನರಿನಲ್ಲಿ ಕ್ಯಾಮೆರಾದ ಆಕಾರದ ಸ್ಮಾರಕ ನಿಂತಿರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಬಾಬೂರಾವ್ ಪೇಂಟರ್ ಅವರ ನೆನಪಿನದು. 1890ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಬಾಬೂರಾವ್ ಮೇಸ್ತ್ರಿ ನಾಟಕದ ಪರದೆಗಳಿಗೆ ಬಣ್ಣ ಬರೆಯುತ್ತಿದ್ದುದರಿಂದ ಪೇಂಟರ್ ಎನಿಸಿದರು. ಫಾಳ್ಕೆಯವರ 'ರಾಜಾ ಹರಿಶ್ಚಂದ್ರ' 1913ರಲ್ಲಿ ಬಂದ ಮೇಲೆ ಅವರಿಗೂ ಅವರ ಸೋದರಸಂಬಂಧಿ ಆನಂದರಾವ್ ಅವರಿಗೂ ಚಲನಚಿತ್ರ ತೆಗೆಯುವ ಹುಚ್ಚು ಹತ್ತಿತು. ಕ್ಯಾಮೆರಾ ಇಲ್ಲ, ಕೊಳ್ಳಲು ಹಣವೂ ಇಲ್ಲ. 1916ರಲ್ಲಿ ಆನಂದರಾವ್ ತೀರಿಕೊಂಡರು. ಬಾಬೂರಾವ್ ಎದೆಗುಂದದೆ, ಶಿಷ್ಯರಾದ ವಿ. ಜಿ. ದಾಮ್ಲೆಯವರೊಡನೆ ಕೂಡಿ, 1918ರ ಹೊತ್ತಿಗೆ ಕೊಲ್ಹಾಪುರದಲ್ಲಿಯೇ ಚಲನಚಿತ್ರದ ಕ್ಯಾಮೆರಾ ಕಟ್ಟಿ ನಿಲ್ಲಿಸಿದರು. ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿಯ 'ಸೈರಂಧ್ರಿ' 1920ರಲ್ಲಿ ತೆರೆಗೆ ಬಂತು. ಅದನ್ನು ನೋಡಿದ ಲೋಕಮಾನ್ಯ ಟಿಳಕರು ಅವರಿಗೆ 'ಸಿನೆಮಾ ಕೇಸರಿ' ಎಂಬ ಬಿರುದು ಕೊಟ್ಟರು.

ಇದರಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ್ದೇನು? ಒಡಲನ್ನು ಊರಲ್ಲಿ ಕಟ್ಟಬಹುದಾಗಿತ್ತು. ಹಲ್ಲುಚಕ್ರ, ಹಿಡಿಕೆ, ಪೆಟ್ಟಿಗೆ ಇವು ಲೇಥಿನ ಮೇಲೆ ಕೈ ಪಳಗಿದವರ ಕೆಲಸ. ಕೊಲ್ಹಾಪುರದಲ್ಲಿ ಅಂಥ ಕೈಗಳಿಗೆ ಅಂದೂ ಬರವಿರಲಿಲ್ಲ, ಇಂದೂ ಇಲ್ಲ. ಮಸೂರದ ಗಾಜು ಹಾಗಲ್ಲ. ಒಳಗೆ ಗೆರೆಯಿಲ್ಲದ, ಗುಳ್ಳೆಯಿಲ್ಲದ, ಎಲ್ಲ ಕಡೆ ಒಂದೇ ಸಮನಾದ ಗಾಜನ್ನು ಕರಗಿಸಿ, ವಾರಗಟ್ಟಲೆ ನಿಧಾನವಾಗಿ ಆರಿಸಬೇಕು. ಆಗ ಭಾರತದಲ್ಲಿ ಅಂಥ ಗಾಜು ತಯಾರಾಗುತ್ತಿರಲಿಲ್ಲ. ಕಲಕತ್ತೆಯ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆಯಲ್ಲಿ ಅದು ಸಿದ್ಧವಾಗತೊಡಗಿದ್ದು 1960ರ ಸುಮಾರಿಗೆ. ಹೀಗೆ, ಛಲವಿದ್ದವನು ಒಡಲನ್ನು ತಾನೇ ಮಾಡಿಕೊಂಡಾನು. ಗಾಜಿಗೆ ಮಾತ್ರ ಸಮುದ್ರದಾಚೆ ನೋಡಬೇಕಿತ್ತು.

ಇದಕ್ಕೆ ತಿರುಗಾಮುರುಗಾ ಉದಾಹರಣೆ ನನ್ನ ಬಾಲ್ಯದ ಮನೆಯಲ್ಲಿಯೇ ಇತ್ತು. ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಎಂಬ ಪೆಟ್ಟಿಗೆ ಕ್ಯಾಮೆರಾ. ಅದರ ಫಿಲ್ಮಿನ ಚೌಕ ಆರು ಸೆಂಟಿಮೀಟರಿನದು, ಇಂದಿನ ಫುಲ್‌ಫ್ರೇಮಿನ ನಾಲ್ಕು ಪಟ್ಟಿನಷ್ಟು. ಗೋಡೆ ಅಷ್ಟು ದೊಡ್ಡದಾದರೂ ಕಿಟಕಿ ಒಂದೇ ಸಾದಾ ಗಾಜಿನದು. ಬಿಸಿಲಲ್ಲಿ ನಿಂತರೆ ಚಿತ್ರ. ಒಳಮನೆಯಲ್ಲಿ ಬರೀ ಕತ್ತಲೆ. ನಮ್ಮ ಅಜ್ಜಿಯ ಚಿತ್ರ ಒಂದೂ ಒಳಮನೆಯದಿಲ್ಲ, ಎಲ್ಲ ಅಂಗಳದವು, ಎಲ್ಲದರಲ್ಲೂ ಕಣ್ಣು ಕಿರಿದುಮಾಡಿ ನಿಂತಿದ್ದಾಳೆ.

ಲೆಕ್ಕ ಎಷ್ಟೇ ಹೇಳಿದರೂ ಹುಡುಗರಿಗೆ ಕಣ್ಣಾರೆ ಕಂಡ ಹೊರತು ನಂಬಿಕೆ ಬಾರದು. ಕೊಲ್ಹಾಪುರದಲ್ಲಿ ಮಸೂರಗಳನ್ನು ದಿನದ ಬಾಡಿಗೆಗೆ ಕೊಡುವವರಿದ್ದಾರೆ. ಅಲ್ಲಿಂದ 50 ಮಿಲಿಮೀಟರಿನ ಆ ಮಸೂರವನ್ನು ಎರಡು ದಿನದ ಮಟ್ಟಿಗೆ ತರಿಸಿದೆವು. ಕೊಳ್ಳುವ ಮೊದಲು ಬಾಡಿಗೆಗೆ ತಂದು ನೋಡುವುದು ನಾನು ಎಲ್ಲರಿಗೂ ಹೇಳುವ ಮೊದಲ ಉಪಾಯ. ಮೊದಲ ದಿನ ನಮ್ಮ ಶಾಲೆಯ ನಾಟಕದ ತಾಲೀಮು. ಎರಡು ಟ್ಯೂಬ್‌ಲೈಟಿನ ಬೆಳಕಲ್ಲಿ, ಹಳೆಯ ಜೂಮಿನಿಂದ ತೆಗೆದರೆ ಭೀಮನ ಗದೆ ಬಾಳೆಯ ಎಲೆಯಂತೆ ಅಗಲವಾಗಿ ಬಂತು. ಹೊಸ ಮಸೂರದಿಂದ ತೆಗೆದರೆ ಗದೆಗೆ ಅಂಟಿಸಿದ ಚಿನ್ನದ ಕಾಗದದ ಸುಕ್ಕುಗಳೂ ಕಂಡವು.

ಎರಡನೆಯ ದಿನ ಅವನು ಇಚಲಕರಂಜಿಗೆ ಹೋಗಿ ತಂದೆಯ ಶೆಡ್ಡಿನಲ್ಲಿ ಚಿತ್ರ ತೆಗೆದ. ವಿಠ್ಠಲರಾವ್ ದಾತಾರರು 1904ರಲ್ಲಿ ಆ ಊರಿಗೆ ಮೊದಲ ಪವರ್‌ಲೂಮ್ ತಂದಂದಿನಿಂದ ಅಲ್ಲಿಯ ಬದುಕೇ ಅದರ ಸದ್ದಿಗೆ ನಡೆಯುತ್ತಿದೆ. ಈಗ ಲಾಳಿಯಿಲ್ಲದ ಹೊಸ ಮಗ್ಗಗಳು ಬಂದಿವೆಯಾದರೂ ಇವನ ತಂದೆ ಕೆಲಸ ಮಾಡುವುದು ಲಾಳಿಯ ಮಗ್ಗದ ಮೇಲೆ. ಶೆಡ್ಡಿನಲ್ಲಿ ಬೆಳಕು ಕಡಿಮೆ, ಗಾಳಿಯಲ್ಲಿ ಹತ್ತಿಯ ಧೂಳು. ಲಾಳಿ ಸೆಕೆಂಡಿಗೆ ಹತ್ತು ಮೀಟರ್ ಓಡುವುದೆಂದು ಲೆಕ್ಕಕ್ಕೆ ಹಿಡಿಯೋಣ. ಸೆಕೆಂಡಿನ 25ನೆಯ ಭಾಗದಲ್ಲಿ ಅದು 40 ಸೆಂಟಿಮೀಟರ್ ಸರಿದಿರುತ್ತದೆ, 250ನೆಯ ಭಾಗದಲ್ಲಿ 4 ಸೆಂಟಿಮೀಟರ್. ಅಂದರೆ ಹೊಸ ಮಸೂರಕ್ಕೂ ಲಾಳಿ ಪೂರ್ತಿ ನಿಲ್ಲಲಿಲ್ಲ. ಆದರೆ ಹರಿದ ಎಳೆಯನ್ನು ಬಗ್ಗಿ ಗಂಟು ಹಾಕುತ್ತಿದ್ದ ತಂದೆಯ ಬೆರಳುಗಳು, ಹುಬ್ಬಿನ ಮೇಲೆ ಕೂತ ಹತ್ತಿಯ ಎಳೆ, ಎಲ್ಲ ಸ್ಪಷ್ಟ. ಆ ಚಿತ್ರ ನೋಡಿ ತಾಯಿ ಏನೂ ಅನ್ನಲಿಲ್ಲವಂತೆ. ಪಾಟಲಿಯ ಮಾತನ್ನು ಮಾತ್ರ ಹುಡುಗ ತಾನಾಗಿ ಮತ್ತೆ ಎತ್ತಲಿಲ್ಲ. ದೀಪಾವಳಿಯ ಹೊತ್ತಿಗೆ ತನ್ನ ಗಳಿಕೆಯಿಂದಲೇ ಮಸೂರ ಕೊಂಡ. ಅದು ಫುಲ್‌ಫ್ರೇಮಿಗೂ ಆಗುವ ಮಸೂರ. ಮುಂದೆ ಒಡಲು ಬದಲಿಸಿದರೂ ಜೊತೆಗೆ ಬರುತ್ತದೆ.

ಹಾಗಾದರೆ ಒಡಲು ಎಂದೂ ಬದಲಿಸಬಾರದೆ? ಹಾಗೆಂದರೆ ಅದು ಅತಿಯಾದೀತು. ಗಡಹಿಂಗ್ಲಜದ ಫುಟ್‌ಬಾಲ್ ಹುಚ್ಚು ನಿಮಗೆಲ್ಲ ಗೊತ್ತು. ಹಗಲಿನ ಪಂದ್ಯದಲ್ಲಿ ಬೆಳಕಿಗೇನೂ ಕೊರತೆಯಿಲ್ಲ, ಆದ್ದರಿಂದ ದೊಡ್ಡ ಕಿಟಕಿಯಿಂದ ಹೆಚ್ಚಿನ ಲಾಭವಿಲ್ಲ. ಅಲ್ಲಿ ಬೇಕಾಗುವುದು, ಓಡುವ ಆಟಗಾರನ ಮೇಲಿನ ಗಮನ ಬಿಡದೆ ಹಿಂಬಾಲಿಸುವ ಶಕ್ತಿ. 1500ಡಿಯಲ್ಲಿ ಗಮನ ಹಿಡಿಯುವ ಬಿಂದುಗಳು ಒಂಬತ್ತೇ; ಸೆಕೆಂಡಿಗೆ ಮೂರೇ ಚಿತ್ರ. ಗೋಲಿಗೆ ಚೆಂಡು ಹೊಕ್ಕದ್ದು ಎರಡು ಚಿತ್ರಗಳ ನಡುವಿನ ಸಂದಿಯಲ್ಲಿ ಕಳೆದುಹೋಗುತ್ತದೆ. ಇದನ್ನು ಯಾವ ಮಸೂರವೂ ಸರಿಪಡಿಸದು, ಇದು ಒಡಲಿನ ಕೆಲಸ. ಹಾಗೆಯೇ, ಒಬ್ಬನೇ ಮದುವೆ ಹಿಡಿಯುವವನಿಗೆ ಎರಡು ಕಾರ್ಡಿನಲ್ಲಿ ಒಟ್ಟಿಗೆ ಚಿತ್ರ ಬರೆಯುವ ಕ್ಯಾಮೆರಾ ಬೇಕು. ಒಂದು ಕಾರ್ಡು ಕೆಟ್ಟರೆ ಮದುವೆಯನ್ನು ಮತ್ತೊಮ್ಮೆ ಮಾಡಿಸಲಾಗುವುದಿಲ್ಲ. ನಮ್ಮ ಹುಡುಗ ಈಗ ಈ ಲೆಕ್ಕದಲ್ಲಿದ್ದಾನೆ, ಹಣ ಕೂಡಿಸುತ್ತಿದ್ದಾನೆ.

ಒಡಲು, ಮಸೂರ ಎರಡನ್ನೂ ಬಿಟ್ಟು ಮೂರನೆಯದೊಂದು ಇದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಅದು ಬೆಳಕು. ಬಾಬೂರಾವ್ ಪೇಂಟರರು 1923ರ 'ಸಿಂಹಗಡ' ಚಿತ್ರದಲ್ಲಿ ಕೃತಕ ದೀಪಗಳನ್ನು ಬಳಸಿದರು. ಸೂರ್ಯನನ್ನು ಕಾಯುವುದು ತಪ್ಪಿತು. ಶಾಲೆಯ ರಂಗಮಂಚಕ್ಕೆ ಇನ್ನೆರಡು ದೀಪ ಹಾಕಿಸುವುದು ಕೆಲವೊಮ್ಮೆ ಎಲ್ಲಕ್ಕಿಂತ ಅಗ್ಗದ ಸುಧಾರಣೆ. ಅಲುಗದ ವಸ್ತುವಾದರೆ ಮುಕ್ಕಾಲಿ ಸಾಕು. ಮಸೂರದಲ್ಲಿ ಕೈನಡುಕ ತಡೆಯುವ ಏರ್ಪಾಡಿದ್ದರೆ ಅದು ನಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಎದುರಿನ ಭೀಮನ ಕೈಯನ್ನು ನಿಲ್ಲಿಸದು. ಇದನ್ನು ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ಹಳೆಯ ಮಸೂರ ಕೊಳ್ಳುವವರಿಗೆ ಒಂದೆರಡು ಮಾತು. ನಮ್ಮ ಕಡೆಯ ಮಳೆಗಾಲ ಗಾಜಿಗೆ ವೈರಿ. ತೇವದಲ್ಲಿ ಮಸೂರದ ಒಳಗೆ ಬೂಷ್ಟು ಹಿಡಿದು ಜೇಡರ ಬಲೆಯಂತೆ ಹರಡುತ್ತದೆ. ಒಂದು ಬದಿಯಿಂದ ಬ್ಯಾಟರಿ ಬಿಟ್ಟು ಇನ್ನೊಂದು ಬದಿಯಿಂದ ನೋಡಿದರೆ ಕಾಣುತ್ತದೆ. ಕಂಡರೆ ಕೈ ಮುಗಿದು ಬರುವುದು ಲೇಸು. ಕೊಂಡ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಇಡಬೇಕು. ನಿಕಾನ್ ಬಳಸುವವರು ಇನ್ನೊಂದನ್ನು ನೋಡಬೇಕು: ಅವರ ಡಿ3400, ಡಿ3500ರಂಥ ಆರಂಭಿಕ ಕ್ಯಾಮೆರಾಗಳ ಒಡಲಿನಲ್ಲಿ ಗಮನ ಹೊಂದಿಸುವ ಮೋಟಾರು ಇಲ್ಲ, ಆದ್ದರಿಂದ ತನ್ನಲ್ಲೇ ಮೋಟಾರು ಉಳ್ಳ ಮಸೂರವನ್ನೇ ಕೊಳ್ಳಬೇಕು. ಇಲ್ಲವಾದರೆ ಪ್ರತಿ ಚಿತ್ರಕ್ಕೂ ಕೈಯಿಂದ ತಿರುವುತ್ತ ಕೂಡಬೇಕಾದೀತು. ಕ್ಯಾನನ್ ಡಿಎಸ್ಎಲ್ಆರ್‌ಗಳಿಗೆ ಈ ತೊಡಕಿಲ್ಲ.

ಇನ್ನು ನನ್ನ ತಪ್ಪು. ದೊಡ್ಡ ಕಿಟಕಿಗೆ ಒಂದು ಬೆಲೆ ತೆರಬೇಕಾಗುತ್ತದೆ, ಅದನ್ನು ನಾನು ಓದಿ ತಿಳಿದಿದ್ದೆ, ಹೊತ್ತಿಗೆ ಸರಿಯಾಗಿ ಮರೆತೆ. ಕಿಟಕಿ ಅಗಲವಾದಂತೆ ಸ್ಪಷ್ಟವಾಗಿ ಮೂಡುವ ವಲಯದ ಆಳ ಕಡಿಮೆಯಾಗುತ್ತದೆ. ಒಬ್ಬರ ಮುಖ ತೆಗೆಯುವಾಗ ಇದು ಚೆಲುವು. ಹಿಂದಿನ ಗದ್ದಲವೆಲ್ಲ ಕರಗಿಹೋಗುತ್ತದೆ. ಗುಂಪಿನ ಚಿತ್ರಕ್ಕೆ ಮಾತ್ರ ಆಗದು.

ಆ ವರ್ಷ ನಮ್ಮ ಹತ್ತನೆಯ ವರ್ಗದಲ್ಲಿ ಹದಿಮೂರೇ ಮಕ್ಕಳು. ಬೀಳ್ಕೊಡುಗೆಯ ದಿನ ಸಂಜೆ ಅವರೂ ಮೂವರು ಶಿಕ್ಷಕರೂ ಮೂರು ಸಾಲಾಗಿ ಕೂತರು, ನಿಂತರು. ಬಹಳ ವರ್ಷ ಶಾಲೆಯ ಗಂಟೆ ಬಾರಿಸಿದ ನಮ್ಮ ಸಿಪಾಯಿ ಮಾಮಾ ಅದೇ ತಿಂಗಳು ನಿವೃತ್ತರಾಗುವವರಿದ್ದರು. ಮಕ್ಕಳು ಎಳೆದು ತಂದರು. ಮುಂದೆ ಕುರ್ಚಿಯ ಮೇಲೆ ಕೂಡಿರೆಂದರೆ ಒಲ್ಲೆನೆಂದು ಹಿಂದಿನ ಸಾಲಿನಲ್ಲಿ, ಬೆಂಚಿನ ತುದಿಗೆ ನಿಂತರು. ಹುಡುಗ ತನ್ನ ಹೊಸ ಮಸೂರ ತಂದಿದ್ದ. "ಸರ, ಕಿಟಕಿ ಸಣ್ಣ ಮಾಡ್ತೀನ್ರಿ, ಎಫ್ 8 ಇಡ್ತೀನಿ, ಮುಕ್ಕಾಲಿ ಹಾಕ್ತೀನಿ" ಎಂದ. ತಾಲೀಮಿನ ಚಿತ್ರಗಳಿಂದ ಹಿಗ್ಗಿಹೋಗಿದ್ದ ನಾನು, "ಬ್ಯಾಡೋ, ಬೆಳಕು ಹೋಗೇದ, ಪೂರ್ತಿ ತೆಗೆದಿಡು, ಮಕ್ಕಳು ಅಲುಗತಾವು" ಎಂದೆ. ಗುರುವಿನ ಮಾತೆಂದು ಅವನು ಕೇಳಿದ.

ಕ್ಯಾಮೆರಾ ಇದ್ದದ್ದು ಏಳು ಮೀಟರ್ ದೂರದಲ್ಲಿ, ಗಮನ ಹಿಡಿದದ್ದು ಮುಂದೆ ನೆಲದ ಮೇಲೆ ಕೂತ ಸಾಲಿಗೆ. ಎಫ್ 1.8ರಲ್ಲಿ ಆ ದೂರಕ್ಕೆ ಸ್ಪಷ್ಟವಾಗಿ ಮೂಡುವ ವಲಯ ಒಟ್ಟು 1.3 ಮೀಟರಿನಷ್ಟು, ಗಮನ ಹಿಡಿದಲ್ಲಿಂದ ಹಿಂದಕ್ಕೆ ಮುಕ್ಕಾಲು ಮೀಟರ್ ಮಾತ್ರ. ಬೆಂಚು ಇದ್ದದ್ದು ಒಂದೂವರೆ ಮೀಟರ್ ಹಿಂದೆ. ಎಫ್ 8 ಇಟ್ಟಿದ್ದರೆ ಐದು ಮೀಟರಿನಿಂದ ಹನ್ನೆರಡು ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತಿತ್ತು. ಕ್ಯಾಮೆರಾದ ಸಣ್ಣ ಪರದೆಯ ಮೇಲೆ ನೋಡಿದಾಗ ಎಲ್ಲ ಸರಿಯಾಗಿಯೇ ಕಂಡಿತು. ಮಕ್ಕಳು ಚದುರಿದರು.

ಮುಂದಿನ ಮಳೆಗಾಲದಲ್ಲಿ ಮಾಮಾ ತೀರಿಕೊಂಡರು. ಅವರ ಮಗ ಬಂದು, ಗೋಡೆಗೆ ಹಾಕಲು ಒಂದು ಚಿತ್ರ ಬೇಕು, ಮನೆಯಲ್ಲಿ ಒಂದೂ ಇಲ್ಲ, ಬೀಳ್ಕೊಡುಗೆಯದರಿಂದ ಅವರ ಮುಖವನ್ನಷ್ಟೇ ದೊಡ್ಡದು ಮಾಡಿ ಕೊಡಿರೆಂದ. ನಮ್ಮ ಹುಡುಗ ಎರಡು ರಾತ್ರಿ ಕಂಪ್ಯೂಟರಿನ ಮುಂದೆ ಕೂತ. ಹಿಗ್ಗಿಸಿದಷ್ಟೂ ಕಣ್ಣು ಹುಬ್ಬು ಒಂದಕ್ಕೊಂದು ಕಲೆಸಿದವು. ಗಾಜು ಕೂಡಿಸದ ಬೆಳಕನ್ನು ಕಂಪ್ಯೂಟರ್ ಎಲ್ಲಿಂದ ತಂದೀತು? ಏನೋ ಒಂದು ಮುಖವನ್ನು ಊಹಿಸಿ ಬರೆದು ತೋರಿಸಿತು. ಅದು ಮಾಮಾ ಅಲ್ಲವೆಂದು ಅವರ ಮಗನೇ ಹೇಳಿದ. ನನ್ನ ಮಾತಿನಿಂದ ಹೀಗಾಯಿತೆಂದು ನಾನು ಅವನಿಗೆ ಹೇಳಿದೆ.

ಮಸುಕು ಹಿಗ್ಗಿಸಿದರೆ ಹಿಗ್ಗುತ್ತದೆ, ಕುಗ್ಗಿಸಿದರೆ ಕುಗ್ಗುತ್ತದೆ. ಆದ್ದರಿಂದ ಕೊನೆಗೆ ಇಡೀ ಗುಂಪಿನ ಚಿತ್ರವನ್ನೇ ಅಂಗೈಯಗಲ ಮುದ್ರಿಸಿ, ಚೌಕಟ್ಟು ಹಾಕಿಸಿ ಅವರ ಮನೆಗೆ ಕೊಟ್ಟೆವು. ಅದೇ ಚಿತ್ರವನ್ನು ಈ ಸಂಚಿಕೆಯಲ್ಲಿಯೂ ಅದೇ ಅಳತೆಯಲ್ಲಿ ಹಾಕಿದ್ದೇವೆ. ಹಿಂದಿನ ಸಾಲಿನಲ್ಲಿ, ಬಲತುದಿಗೆ, ಬಿಳಿ ಟೊಪ್ಪಿಗೆ ಹಾಕಿ ನಿಂತವರು ಅವರು.